ಅಡುಗೆಮನೆ ಬಾಗಿಲ ಹಿಂದಿನ ಕ್ಯಾಮ್‌ಶಾಫ್ಟ್

ನಮ್ಮ ಮನೆಗೆ ಬಂದವರು ಯಾರೂ ಮುಂದಿನ ಕೋಣೆಯಲ್ಲಿ ಕೂರುವುದಿಲ್ಲ. ಇಂಗ್ಲೆಂಡಿನ ಈ ಕೊವೆಂಟ್ರಿಯಲ್ಲಿ ಇಷ್ಟು ವರ್ಷ ಕಳೆದರೂ ನಮ್ಮ ಜನರಿಗೆ ಒಲೆಯ ಹತ್ತಿರ ನಿಂತು ಮಾತಾಡಿದರೇ ಸಮಾಧಾನ. ಹಾಗೆ ನಿಂತವರ ಕಣ್ಣು ಒಂದಲ್ಲ ಒಂದು ಹೊತ್ತಿಗೆ ಬಾಗಿಲ ಹಿಂದೆ ಹೋಗುತ್ತದೆ. ಅಲ್ಲಿ ಒಂದೂವರೆ ಮೊಳದ ಕಬ್ಬಿಣದ ದಂಡವೊಂದು ಗೋಡೆಗೆ ಒರಗಿ ನಿಂತಿದೆ. ಮೈತುಂಬ ಗಂಟುಗಳು, ತುದಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಗಾಳಿಗೆ ಬಾಗಿಲು ಬಡಿಯದಂತೆ ತಡೆಯುವುದು ಅದರ ಈಗಿನ ಕೆಲಸ. ಮೊನ್ನೆ ಲೀಡ್ಸ್‌ನಿಂದ ಬಂದಿದ್ದ ಹೊಸ ದಂಪತಿಗಳಲ್ಲಿ ಆ ಹುಡುಗಿ ಚಹಾದ ಕಪ್ಪು ಕೆಳಗಿಟ್ಟು, ದುಪಟ್ಟಾ ಸರಿಮಾಡಿಕೊಂಡು, ಅದಕ್ಕೆ ಕೈ ಮುಗಿದೇಬಿಟ್ಟಳು.

"ಯಾವ ದೇವ್ರು ಆಂಟಿ ಇದು?"

"ದೇವರಲ್ಲಮ್ಮಾ, ಕ್ಯಾಮ್‌ಶಾಫ್ಟು."

ಪಾಪ, ಅವಳು ಮುಗಿದ ಕೈಯನ್ನು ಹಾಗೇ ಚಹಾದ ಕಪ್ಪಿಗೆ ಇಳಿಸಿದಳು. ನನಗೂ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಓದಿಕೊಳ್ಳಿ ಎಂದು ಕೈಗೆ ಕೊಡಲು ಅನುಕೂಲವಾಗಲಿ ಅಂತಲೇ ಇದನ್ನು ಬರೆಯಲು ಕೂತಿದ್ದೇನೆ.

ಕಾರಿನ ಎಂಜಿನ್ನು ಉಸಿರಾಡುವುದು ವಾಲ್ವುಗಳ ಮೂಲಕ. ಒಂದು ವಾಲ್ವು ತೆರೆದಾಗ ಗಾಳಿ, ಪೆಟ್ರೋಲು ಒಳಗೆ ಬರುತ್ತದೆ. ಇನ್ನೊಂದು ತೆರೆದಾಗ ಹೊಗೆ ಹೊರಗೆ ಹೋಗುತ್ತದೆ. ಅವುಗಳನ್ನು ಹೊತ್ತಿಗೆ ಸರಿಯಾಗಿ ಎತ್ತುವುದು ಈ ದಂಡದ ಮೇಲಿನ ಗಂಟುಗಳು. ಗಂಟು ಎಷ್ಟು ಎತ್ತರ, ಎಷ್ಟು ಅಗಲ ಎನ್ನುವುದರ ಮೇಲೆ ಆ ಎಂಜಿನ್ನಿನ ಸ್ವಭಾವವೆಲ್ಲ ನಿಂತಿದೆಯಂತೆ. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಮ್ಮ ಕನ್ನಡದ ಗುಂಪಿನಲ್ಲಿ ಮೂವರಲ್ಲಿ ಒಬ್ಬರು ಡಾಕ್ಟರು. ಆದ್ದರಿಂದ ವಾಲ್ವು ಎಂದ ಕೂಡಲೇ ಹೃದಯದ ಬಗ್ಗೆ ಒಂದು ಜೋಕು ಬಂದೇ ಬರುತ್ತದೆ. ಅದನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ನೀವು ದಯವಿಟ್ಟು ಹೇಳಬೇಡಿ.

ಇಷ್ಟೆಲ್ಲ ನನಗೆ ಯಾಕೆ ಗೊತ್ತು ಎಂದರೆ, ಒಂದು ಇಡೀ ವರ್ಷ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೋಡೆಗೆ ಒಂದು ಅಮೆರಿಕನ್ ಕಾರಿನ ಚಿತ್ರ ಅಂಟಿಸಿದ್ದರಂತೆ. ಉದ್ದ ಮೂತಿ, ಅಗಲ ಸೊಂಟ, ಒಳಗೆ ಎಂಟು ಸಿಲಿಂಡರಿನ ದೈತ್ಯ ಎಂಜಿನ್ನು. ಮಸಲ್ ಕಾರು ಎನ್ನುತ್ತಾರೆ. ಉಳಿದ ಹುಡುಗರು ಸಿನಿಮಾ ನಟಿಯರನ್ನು ಅಂಟಿಸಿಕೊಂಡಿದ್ದಾಗ ಇವರು ಕಾರು ಅಂಟಿಸಿಕೊಂಡಿದ್ದರು ಎಂಬ ಸಂಗತಿ ಹೆಣ್ಣು ನೋಡಲು ಬಂದಾಗ ಇವರ ಗುಣಗಳಲ್ಲೊಂದಾಗಿ ನನ್ನ ತವರಿನವರ ಕಿವಿಗೆ ಬಿದ್ದಿತ್ತು. ಹುಡುಗ ಸಭ್ಯ ಎಂದುಕೊಂಡರು. ನಟಿಯಾಗಿದ್ದರೆ ಒಂದು ವಯಸ್ಸಿಗೆ ಮರೆತುಹೋಗುತ್ತಿದ್ದಳು ಎಂದು ಆಮೇಲೆ ನನಗೆ ಎಷ್ಟೋ ಸಲ ಅನ್ನಿಸಿದೆ.

ಕೊವೆಂಟ್ರಿಗೆ ಬಂದು ಕಾರು ಕಾರ್ಖಾನೆಯೊಂದರ ಎಂಜಿನ್ ಪರೀಕ್ಷೆಯ ವಿಭಾಗದಲ್ಲಿ ಸೇರಿ, ಮನೆ ಸಾಲದ ಕಂತು ಕಟ್ಟುತ್ತ, ಮಗಳನ್ನು ಬೆಳೆಸುತ್ತ ಇದ್ದ ಮನುಷ್ಯ ಒಂದು ಶನಿವಾರ ಟ್ರೇಲರಿನ ಮೇಲೆ ಅದೇ ಕಾರನ್ನು ತಂದು ಗ್ಯಾರೇಜಿಗೆ ತಳ್ಳಿದರು. ಅದು ಓಡುತ್ತಿರಲಿಲ್ಲ. ನಾನು ಧಾರವಾಡದಲ್ಲಿ ಎರಡನೇ ಇಯತ್ತೆಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಾರು ಅದು. ಅದಕ್ಕೂ ನನಗೂ ಮಂಡಿಗಳು ಒಂದೇ ಕಾಲಕ್ಕೆ ಹೋಗಿದ್ದವು. ಕೆಲವು ವರ್ಷ ಅದು ಟಾರ್ಪಾಲಿನ ಕೆಳಗೆ ಸುಮ್ಮನೆ ಮಲಗಿತ್ತು. ನಾನು ಅದರ ಮೇಲೆ ಕ್ರಿಸ್‌ಮಸ್ ಸಾಮಾನಿನ ಡಬ್ಬಿಗಳನ್ನು ಇಡುತ್ತಿದ್ದೆ.

ಆಮೇಲೆ ಕೊವೆಂಟ್ರಿಯ ಕಾರು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುವ ಕಾಲ ಬಂತು. ಇವರದ್ದೂ ಬಂತು. ಕಡೆಯ ದಿನ ಮನೆಗೆ ಬಂದಾಗ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಚಹಾದ ಮಗ್ಗು, ಅಳತೆಯ ಕ್ಯಾಲಿಪರು, ಮಗಳು ಚಿಕ್ಕವಳಿದ್ದಾಗ ಬಿಡಿಸಿಕೊಟ್ಟ ಚಿತ್ರ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ಶೂ ಬಿಚ್ಚಿ ಕಪಾಟಿನೊಳಗೆ ಇಟ್ಟರು. ಮರುದಿನ ಬೆಳಿಗ್ಗೆ ಹಳೆಯ ಚಪ್ಪಲಿ ಮೆಟ್ಟಿ ಗ್ಯಾರೇಜಿಗೆ ಹೋದರು.

"ಮುಂದ ಹ್ಯಾಂಗ್ರಿ?" ಎಂದು ವಾರ ಬಿಟ್ಟು ಕೇಳಿದೆ.

"ಈ ಎಂಜಿನ್ ಒಂದ ಚಾಲೂ ಆಗ್ಲಿ ಶಾರದಾ. ಆಮ್ಯಾಲ ಕೆಲ್ಸಾ ನೋಡ್ತೀನಿ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಯಾರಾದರೂ ರಜೆ ಹಾಕಿದರೆ ಮೊದಲು ಕೈ ಎತ್ತುವವಳು ನಾನಾದೆ. ಊರಿನವರಿಗೆಲ್ಲ ನಿದ್ದೆ ಬರಿಸುವ ನನಗೆ ನಿದ್ದೆ ಎನ್ನುವುದು ಬಸ್ಸಿನ ಕಿಟಕಿಗೆ ತಲೆ ಬಡಿಯುತ್ತ ಬರುವ ಐದು ನಿಮಿಷದ ಸುಖವಾಗಿಬಿಟ್ಟಿತು. ನಮ್ಮ ಮನೆಯ ಇನ್ನೊಂದು ಕಾರು ಅಷ್ಟರಲ್ಲಿ ಮಾರಿ ಆಗಿತ್ತು. ಆದರೂ ನನಗೆ ಹಣಕ್ಕಿಂತ ಹೆಚ್ಚು ಭಯವಾದದ್ದು ಆ ಚಪ್ಪಲಿಯದು. ಬೆಳಿಗ್ಗೆ ಚಪ್ಪಲಿ, ಸಂಜೆ ಚಪ್ಪಲಿ. ಮನುಷ್ಯ ಮನೆಯ ಗೇಟು ದಾಟಿ ಹೋಗುವುದನ್ನೇ ಬಿಟ್ಟಿದ್ದರು. ಭಾನುವಾರ ಕನ್ನಡದವರ ಮನೆಗೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಅಲ್ಲಿ ಎಲ್ಲರೂ 'ಈಗ ಏನ್ ಮಾಡ್ತಿದ್ದೀರಿ' ಎಂದು ಕೇಳುತ್ತಾರಲ್ಲ.

ಊಟದ ಮೇಜಿನ ಮೇಲೆ ಕ್ಯಾಮ್‌ಶಾಫ್ಟಿನ ಕ್ಯಾಟಲಾಗುಗಳು ಬಂದು ಕೂತವು. ಉಪ್ಪಿನಕಾಯಿ ಜಾಡಿಗೆ ಜಾಗವಿಲ್ಲ. ನಾನು ಉಪ್ಪಿಟ್ಟು ತಿನ್ನುತ್ತಿದ್ದರೆ ಇವರು ಎದುರಿಗೆ ಕೂತು ಓದುತ್ತಿದ್ದರು: ವಾಲ್ವು ಎಷ್ಟು ಮೇಲೆ ಏಳುತ್ತದೆ ಎನ್ನುವುದು ಲಿಫ್ಟು, ಎಷ್ಟು ಹೊತ್ತು ತೆರೆದಿರುತ್ತದೆ ಎನ್ನುವುದು ಡ್ಯುರೇಷನ್ನು. ಕ್ಯಾಟಲಾಗಿನಲ್ಲಿ ಕ್ಯಾಮುಗಳನ್ನು ಜಾತಕದ ಹಾಗೆ ವಿಂಗಡಿಸಿದ್ದರು. ಮೊದಲನೆಯದು ಮೈಲ್ಡ್, ಅಂದರೆ ಸಾಧು. ಆಮೇಲೆ ಫಾಸ್ಟ್ ರೋಡ್. ಕೊನೆಗೆ ರೇಸು. ಸಾಧುವಿನಲ್ಲಿ ಎಂಜಿನ್ನು ಮೆತ್ತಗೆ ಇರುತ್ತದೆ, ಸಿಗ್ನಲ್ಲಿನಲ್ಲಿ ಕೈಕೊಡುವುದಿಲ್ಲ. ಮುಂದಿನ ಎರಡರಲ್ಲಿ ವಾಲ್ವುಗಳು ಏಳುವ ಎತ್ತರವೂ ಜಾಸ್ತಿ, ತೆರೆದಿರುವ ಹೊತ್ತೂ ಜಾಸ್ತಿ. ವೇಗದಲ್ಲಿ ಹುಲಿ, ನಿಂತಾಗ ಮಾತ್ರ ಮೈಯೆಲ್ಲ ನಡುಕ. ಅದರ ಜೊತೆಗೆ ಬ್ರೇಕಿಗೆ ಎಂಜಿನ್ನಿನಿಂದ ಸಿಗಬೇಕಾದ ಬಲವೂ ಕಡಿಮೆಯಾಗುತ್ತದೆ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಚಿಕ್ಕ ಅಕ್ಷರ ಓದುವುದು ನನ್ನ ವೃತ್ತಿ.

"ಇದರಾಗ ಬ್ರೇಕ್ ಹತ್ತಂಗಿಲ್ಲಂತ ಬರದಾರಲ್ರೀ?"

"ಹತ್ತತಾವ. ಜೋರ ಒತ್ತಬೇಕ ಅಷ್ಟ."

"ಫಾಸ್ಟ್ ರೋಡ್ ಅಂದ್ರ ಯಾವ್ ರೋಡ್ರೀ? ಮುಂಜಾನೆ ಎಂಟಕ್ಕ ನಮ್ಮ ರಿಂಗ್ ರೋಡಿನಾಗ ಸೈಕಲ್ ಸೈತ ಮುಂದ ಹೋಗಂಗಿಲ್ಲ."

ಆಗ ಇವರು ಕ್ಯಾಟಲಾಗು ಮುಚ್ಚಿ, ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಹೇಳಿದರು: "ಓಡಸೂದು ಮುಖ್ಯ ಅಲ್ಲ. ಸಪ್ಪಳ ಕೇಳಬೇಕು. ನಿಂತಲ್ಲೇ ಗುಡುಗುಡು ಅಂತ ನಡಗಬೇಕು ಗಾಡಿ. ನಾ ಇದ್ದೀನಿ ಅಂತ ಗೊತ್ತಾಗಬೇಕು."

ಕೊನೆಯ ಮಾತನ್ನು ಕಾರಿನ ಬಗ್ಗೆ ಹೇಳಿದರೋ ತಮ್ಮ ಬಗ್ಗೆ ಹೇಳಿದರೋ ಎಂದು ಕೇಳುವಷ್ಟು ತ್ರಾಣ ನನಗಿರಲಿಲ್ಲ. ಡ್ಯೂಟಿಗೆ ಹೊತ್ತಾಗಿತ್ತು. "ನಿಮ್ಮ ಖುಷಿ" ಎಂದು ತಟ್ಟೆ ತೊಳೆದಿಟ್ಟು ಹೊರಟೆ. ಫಾಸ್ಟ್ ರೋಡಿನಲ್ಲೂ ಅತಿ ಜೋರಿನದನ್ನೇ ತರಿಸಿದರು.

ಆ ಸಪ್ಪಳದ ಹುಚ್ಚು ನನಗೆ ಅರ್ಥವಾಗುವುದಿಲ್ಲ ಎನ್ನುವಂತಿಲ್ಲ. ಧಾರವಾಡದಲ್ಲಿ ನಮ್ಮ ಓಣಿಯ ಕೊನೆಗೆ ಹಿಟ್ಟಿನ ಗಿರಣಿ ಇತ್ತು. ಡೀಸೆಲ್ ಎಂಜಿನ್ನಿನದು. ಅದರ ಕೊಳವೆಯಿಂದ ಡುಬ್ ಡುಬ್ ಎಂಬ ಸದ್ದು ಓಣಿಗೆಲ್ಲ ಕೇಳಿದರೆ ಗಿರಣಿ ಚಾಲೂ ಇದೆ ಎಂದು ಅರ್ಥ. ಅವ್ವ ಕೂಡಲೇ ಜೋಳದ ಡಬ್ಬಿಯನ್ನು ನನ್ನ ತಲೆಯ ಮೇಲೆ ಹೊರಿಸಿ ಓಡಿಸುತ್ತಿದ್ದಳು. ಸದ್ದು ನಡುವೆ ತಡೆದು, ಇನ್ನೇನು ನಿಂತಿತು ಎನ್ನುವಾಗ ಮತ್ತೆ ಹುಟ್ಟುತ್ತಿತ್ತು. ನಿಂತರೆ ಅಂದು ರಾತ್ರಿ ರೊಟ್ಟಿ ಇಲ್ಲ, ಅನ್ನವೇ. ನನಗೆ ಅನ್ನ ಇಷ್ಟ. ಹಾಗಾಗಿ ದಾರಿಯುದ್ದಕ್ಕೂ ಅದು ನಿಲ್ಲಲಿ ಎಂದು ಬೇಡಿಕೊಳ್ಳುತ್ತ ನಿಧಾನವಾಗಿ ನಡೆಯುತ್ತಿದ್ದೆ. ಬಿಸಿ ಹಿಟ್ಟಿನ ಡಬ್ಬಿ ಹೊತ್ತು ವಾಪಸು ಬರುವಾಗ ನೆತ್ತಿ ಬೆಚ್ಚಗಾಗಿ, ನಿಲ್ಲದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಈಗಲೂ ಕೆಲವು ಬಾರಿ ಆ ಬಿಸಿ ನೆತ್ತಿಯ ಮೇಲೆ ನೆನಪಾಗುತ್ತದೆ.

ಇರಲಿ. ವಾಲ್ವುಗಳ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಕೆಲವು ವರ್ಷಗಳ ಹಿಂದೆಯಷ್ಟೇ ಇಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು ನಿಲ್ಲಿಸಿದ್ದರು. ಹಳೆಯ ಎಂಜಿನ್ನಿನ ವಾಲ್ವುಗಳು ಆ ಸೀಸವಿಲ್ಲದೆ ಕೂರುವ ಜಾಗವನ್ನೇ ಸವೆಸಿಬಿಡುತ್ತವಂತೆ. ಅದಕ್ಕೆ ಗಟ್ಟಿ ಉಕ್ಕಿನ ಹೊಸ ಕೂರಿಕೆಗಳು, ಹೊಸ ವಾಲ್ವುಗಳು ಬಂದವು. ನೋಡಲು ಉದ್ದ ಕಾಲಿನ ಅಣಬೆಯ ಹಾಗಿದ್ದವು. ಒಟ್ಟು ಹದಿನಾರು. ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಿ, ಅಂಚಿಗೆ ತರಿತರಿ ಲೇಪ ಹಚ್ಚಿ, ತುದಿಗೆ ರಬ್ಬರಿನ ಬಟ್ಟಲಿರುವ ಕೋಲನ್ನು ಅಂಗೈಗಳ ನಡುವೆ ಹಿಡಿದು ಹಿಂದೆ ಮುಂದೆ ತಿರುವಬೇಕು. ಸಂದಿಲ್ಲದೆ ಕೂರುವವರೆಗೆ ತಿರುವುತ್ತಲೇ ಇರಬೇಕು.

ಅದೇ ಹೊತ್ತಿಗೆ ನಮ್ಮ ಅತ್ತೆ ಆರು ತಿಂಗಳ ವೀಸಾದ ಮೇಲೆ ಗದಗಿನಿಂದ ಬಂದರು. ಮಗ ಯಾಕೆ ಕೆಲಸಕ್ಕೆ ಹೋಗುತ್ತಿಲ್ಲ ಎಂದು ಅವರು ಕೇಳಲಿಲ್ಲ. ಬಂದ ಮರುದಿನ ಚಹಾ ಕೊಡಲು ಗ್ಯಾರೇಜಿಗೆ ಹೋದವರು ಮಗ ಕೋಲು ತಿರುವುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರಂತೆ.

"ಶಿವೂ, ಏನ್ ಮಾಡಾಕತ್ತೀಯೋ ಇದು? ಮಜ್ಜಗಿ ಕಡ್ಯಾಕತ್ತೀಯೇನ?"

"ಹೂಂ ಅವ್ವಾ, ಹಂಗ ಅನಕೋ."

"ಹಂಗ ಕಡದ್ರ ಬೆಣ್ಣಿ ಬರಂಗಿಲ್ಲ. ಕೊಡ ಇಲ್ಲೆ."

ನಾನು ಮನೆಗೆ ಬಂದಾಗ ಕಂಡದ್ದು ಇದು: ನಮ್ಮ ಅತ್ತೆ, ಹತ್ತಿಯ ಸೀರೆಯ ಮೇಲೆ ಮಗನ ಹಳೆಯ ಕಾರ್ಖಾನೆ ಕೋಟು ಹಾಕಿಕೊಂಡು, ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು, ಮಣೆಯ ಮೇಲೆ ಕೂತು ಅಮೆರಿಕನ್ ಎಂಜಿನ್ನಿನ ವಾಲ್ವು ಕಡೆಯುತ್ತಿದ್ದಾರೆ. ಕಡಗೋಲು ತಿರುವಿ ಪಳಗಿದ ಕೈ. ಇವರು ಪಕ್ಕದಲ್ಲಿ ನಗುತ್ತ ಕೂತಿದ್ದರು. ನಗುತ್ತಿದ್ದರು ಎಂದು ಬರೆಯುತ್ತಿದ್ದೇನೆ, ಯಾಕೆಂದರೆ ಅದನ್ನು ನೋಡುತ್ತ ನಾನು ಚೀಲ ಕೆಳಗಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗಿನಿಂದ ಮಗಳು ಮೇಘಾ ಪರೀಕ್ಷೆಯ ಪುಸ್ತಕ ಹಿಡಿದುಕೊಂಡೇ ಕೂಗಿದಳು, "ಮಮ್, ಅಜ್ಜಿ ಈಸ್ ಫಿಕ್ಸಿಂಗ್ ದಿ ಕಾರ್!"

ಹಲವು ವಾರಗಳಾದ ಮೇಲೆ ಎಂಜಿನ್ನು ಕಾರಿನೊಳಗೆ ಕೂತು, ಚಾಲೂ ಮಾಡುವ ದಿನ ಬಂತು. ಜೂನ್ ತಿಂಗಳ ಭಾನುವಾರ. ಪೂಜೆ ಇಲ್ಲದೆ ಸ್ಕೂಟರನ್ನೂ ಹತ್ತದ ಜನ ನಾವು. ಅತ್ತೆ ಹೋಳಿಗೆ ಮಾಡಿದರು. ನಾಲ್ಕೈದು ಮನೆಗಳವರು ಬಂದರು. ಇವರು ತಾವಾಗಿಯೇ ಫೋನು ಮಾಡಿ ಕರೆದಿದ್ದರು, ಅದೇ ನನಗೊಂದು ಹಬ್ಬ.

ಇವರು ಎಲ್ಲರನ್ನೂ ಡ್ರೈವ್‌ವೇಯಲ್ಲಿ ನಿಲ್ಲಿಸಿ ಪಾಠ ಮಾಡಿದರು. ಈ ಜಾತಿಯ ಹೊಸ ಕ್ಯಾಮಿಗೆ ಮೊದಲ ಇಪ್ಪತ್ತು ನಿಮಿಷವೇ ಜೀವ. ಚಾಲೂ ಆದ ಕ್ಷಣದಿಂದ ಎಂಜಿನ್ನನ್ನು ಜೋರಾಗಿಯೇ ತಿರುಗಿಸುತ್ತಿರಬೇಕು. ಹಾಗಿದ್ದರೆ ಮಾತ್ರ ಕೆಳಗಿನ ಎಣ್ಣೆ ಚಿಮ್ಮಿ ಗಂಟುಗಳಿಗೆ ತಾಗುತ್ತದೆ, ಮೈ ಗಟ್ಟಿಯಾಗುತ್ತದೆ. ಅಷ್ಟರೊಳಗೆ ನಿಧಾನ ಮಾಡಿದರೆ ಗಂಟು ಒಣಗಿ, ತಿಕ್ಕಿ, ಸವೆದು ಹೋಗುತ್ತದೆ. "ಆದ್ದರಿಂದ ಪೂಜಾ ಎಲ್ಲಾ ಮೊದಲ. ಚಾಲೂ ಆದ ಮ್ಯಾಲ ಯಾರೂ ನಡಕ ಬರಬ್ಯಾಡ್ರಿ" ಎಂದರು. ಎಲ್ಲರೂ ತಲೆಯಾಡಿಸಿದರು. ಅತ್ತೆಯೂ ಹೂಂ ಎಂದರು.

ಪೂಜೆ ಕ್ರಮವಾಗಿಯೇ ಆಯಿತು. ವಿಭೂತಿ, ಹೂವು, ಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು, ಮಂಗಳಾರತಿ. ಮೇಘಾ ಒಳಗೆ ಕೂತು ಕೀಲಿ ತಿರುಗಿಸಿದಳು. ಇವರು ಬಾನೆಟ್ಟಿನ ಮೇಲೆ ಬಗ್ಗಿ ಎಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲನ್ನು ಕೈಯಿಂದಲೇ ಎಳೆದು ಹಿಡಿದುಕೊಂಡಿದ್ದರು. ಒಂದು ಸಲ ಕೆಮ್ಮಿತು, ಎರಡನೆಯ ಸಲ ಹತ್ತಿಕೊಂಡಿತು. ಅಬ್ಬಾ! ಪಕ್ಕದ ಮನೆಯ ಬೆಕ್ಕು ಬೇಲಿ ಹಾರಿ ಓಡಿತು. ಮಾತು ಯಾರಿಗೂ ಕೇಳಿಸದು. ಇವರ ಮುಖ ಕೆಂಪಗೆ, ಕಣ್ಣಲ್ಲಿ ನೀರು, ಕೈ ಥ್ರಾಟಲಿನ ಮೇಲೆ ಬಿಗಿಯಾಗಿ.

ಅತ್ತೆಗೆ ಆನಂದ ತಡೆಯಲಾಗಲಿಲ್ಲ. ಆರತಿ ಆಗಿಹೋಗಿತ್ತು, ನಿಜ. ಆದರೆ ಅದು ಸುಮ್ಮನಿದ್ದ ಕಬ್ಬಿಣಕ್ಕೆ ಆದದ್ದು. ಈಗ ಅದಕ್ಕೆ ಜೀವ ಬಂದಿತ್ತಲ್ಲ. ತಟ್ಟೆಯಲ್ಲಿ ಮತ್ತೊಂದು ಬಿಲ್ಲೆ ಕರ್ಪೂರವಿಟ್ಟು ಹಚ್ಚಿದರು. ನಾನು ಅತ್ತ ಹೋಳಿಗೆಗೆ ತುಪ್ಪ ತರಲು ಹೊರಟವಳು ತಿರುಗಿ ನೋಡುವಷ್ಟರಲ್ಲಿ ಅವರು ಎಂಜಿನ್ನಿಗೆ ಬೆಳಗಿ, ತಟ್ಟೆಯನ್ನು ಮಗನ ಮುಂದೆ ಹಿಡಿದಿದ್ದರು.

ಇವರು ಥ್ರಾಟಲು ಬಿಟ್ಟು ಎರಡೂ ಕೈ ಜೋಡಿಸಿದರು. ಉರಿಯ ಮೇಲೆ ಅಂಗೈ ಆಡಿಸಿ, ಕಣ್ಣಿಗೊತ್ತಿಕೊಂಡರು.

ಯಾರೂ ಒತ್ತಾಯ ಮಾಡಲಿಲ್ಲ. ಇಪ್ಪತ್ತು ವರ್ಷ ಎಂಜಿನ್ನುಗಳನ್ನೇ ಪರೀಕ್ಷೆ ಮಾಡಿದ ಮನುಷ್ಯ, ಸ್ವಲ್ಪ ಹೊತ್ತಿನ ಹಿಂದೆ ತಾನೇ ಪಾಠ ಹೇಳಿದವರು. ಆದರೆ ಆರತಿ ತಟ್ಟೆ ಮುಂದೆ ಬಂದಾಗ ಕೈ ಜೋಡಿಸುವುದನ್ನು ಅವರು ಎಂಜಿನಿಯರಿಂಗಿಗಿಂತ ಬಹಳ ಮೊದಲು ಕಲಿತಿದ್ದರು.

ಆರ್ಭಟ ಇಳಿಯಿತು. ಎಂಜಿನ್ನು ನಿಲ್ಲಲಿಲ್ಲ. ಗುಡು, ಗುಡು, ಒಂದು ತಡೆ, ಮತ್ತೆ ಗುಡುಗುಡು. ಕಾರಿನ ಇಡೀ ಮೈ ಸಣ್ಣಗೆ ತೂಗುತ್ತಿತ್ತು. ಯಾವ ಸಪ್ಪಳಕ್ಕಾಗಿ ಇವರು ಆ ಕ್ಯಾಮನ್ನು ಆರಿಸಿದ್ದರೋ ಅದೇ ಸಪ್ಪಳ. ನಮ್ಮ ಓಣಿಯ ಗಿರಣಿಯದೇ ಸಪ್ಪಳ. ಕಿವಿ ಮುಚ್ಚಿಕೊಂಡಿದ್ದವರೆಲ್ಲ ಕೈ ತೆಗೆದು ನಕ್ಕರು. ಎಜ್‌ಬಾಸ್ಟನ್ನಿನಿಂದ ಬಂದಿದ್ದ ಮೈಸೂರಿನ ಡಾಕ್ಟರ್ ರಮೇಶ್, "ಆಹಾ, ಈಗ ನೋಡಿ ಸಾರ್, ಸಂಗೀತ ಅಂದ್ರೆ ಇದು!" ಎಂದರು. ತಟ್ಟೆ ಒಬ್ಬರಿಂದ ಒಬ್ಬರಿಗೆ ಹೋಯಿತು. ಎಲ್ಲರೂ ಆರತಿ ತೆಗೆದುಕೊಂಡರು, ಕಾಸು ಹಾಕಿದರು. ನಾನೂ ತೆಗೆದುಕೊಂಡೆ. ಇವರು ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದರು. ಅಷ್ಟು ಸುಖವಾಗಿ ಅವರು ನಿಂತದ್ದನ್ನು ನಾನು ಮೇಘಾ ಹುಟ್ಟಿದ ದಿನ ಬಿಟ್ಟರೆ ಬೇರೆ ನೋಡಿಲ್ಲ.

ಆಮೇಲೆ ಕಣ್ಣು ತೆರೆದರು. ತೆರೆದ ಕಣ್ಣುಗಳನ್ನು ನೋಡಿಯೇ ನನಗೆ ತಿಳಿಯಿತು. ಥ್ರಾಟಲಿಗೆ ಕೈ ಹಾಕಿದರು. ಅಷ್ಟರಲ್ಲಿ ಗುಡುಗುಡಿನ ಒಳಗೆ ಟಿಕ್ ಟಿಕ್ ಎಂಬ ಇನ್ನೊಂದು ಸದ್ದು ಸೇರಿಕೊಂಡಿತ್ತು. ಜೋರು ಮಾಡಿದಂತೆ ಕಾರ್ಬುರೇಟರು ಫಟ್ಟನೆ ಸೀನಿತು. ಇವರು ಮೇಘಾಗೆ ಆಫ್ ಮಾಡು ಎಂದು ಸನ್ನೆ ಮಾಡಿ, ಬಂದವರಿಗೆಲ್ಲ "ಊಟಕ್ಕ ನಡೀರಿ, ಊಟಕ್ಕ ನಡೀರಿ" ಎಂದರು. ಊಟಕ್ಕೆ ತಾವೇ ಬಡಿಸಿದರು.

ಎಲ್ಲರೂ ಹೋದ ಮೇಲೆ, ಇನ್ನೂ ಬಿಸಿಲಿತ್ತು, ಕಾರಿನ ಕೆಳಗೆ ಬೋಗುಣಿ ಇಟ್ಟು ಎಣ್ಣೆ ಬಸಿದರು. ಬಸಿದ ಎಣ್ಣೆಯಲ್ಲಿ ಬೆಳ್ಳಿಯ ಪುಡಿ ಉದುರಿಸಿದ ಹಾಗೆ ಹೊಳೆಯುತ್ತಿತ್ತು. ಅದು ಕ್ಯಾಮಿನ ಗಂಟುಗಳು. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಬಾಗಿಲಿಗೆ ಬಂದರು.

"ಯಾಕೋ ಶಿವೂ, ಏನಾತು?"

"ಏನಿಲ್ಲವಾ. ಎಣ್ಣಿ ಬದ್ಲಿ ಮಾಡಾಕತ್ತೇನಿ."

"ಎಷ್ಟ ಛಂದ ಹೊಳ್ಯಾಕತ್ತೇತಿ ನೋಡು" ಎಂದರು ಅತ್ತೆ.

ಅವರಿಗೆ ನಾವು ಇಂದಿಗೂ ಹೇಳಿಲ್ಲ. ಮುಂದಿನ ತಿಂಗಳು ಅವರು ಊರಿಗೆ ಹೋದರು. ವಿಮಾನ ಹತ್ತುವ ಮುಂಚೆ ಮಗನ ಬೆನ್ನು ಸವರಿ, "ಗಾಡಿ ಚಾಲೂ ಆತಲ್ಲಪಾ, ಇನ್ನ ಎಲ್ಲಾ ಚಲೋ ಆಗ್ತೈತಿ" ಎಂದು ಹೇಳಿ ಹೋದರು.

ಅವರನ್ನು ಬಿಟ್ಟು ಬಂದ ದಿನ ಇವರು ಗ್ಯಾರೇಜಿನ ಬಾಗಿಲು ಎಳೆದರು. ಎಳೆದದ್ದು ಎಳೆದದ್ದೇ. ಆ ಚೂರುಗಳೆಲ್ಲ ಎಂಜಿನ್ನಿನ ಒಳಗೆಲ್ಲ ಹರಿದಿರುತ್ತವೆ, ಪೂರ್ತಿ ಬಿಚ್ಚಿ, ತೊಳೆದು, ಮೊದಲಿನಿಂದ ಕೂಡಿಸಬೇಕು ಎಂದು ಮಾತ್ರ ಹೇಳಿದರು. ಕೂಡಿಸುವ ಮಾತು ಮಾತಾಗಿಯೇ ಉಳಿಯಿತು. ಸೋಫಾದ ಮೇಲೆ ಕೂತು, ಹಳೆಯ ಪಿಂಗಾಣಿ ಹರಾಜು ಹಾಕುವ ಹಗಲಿನ ಟಿವಿ ಕಾರ್ಯಕ್ರಮಗಳನ್ನು ನೋಡತೊಡಗಿದರು. ಕಾಲಲ್ಲಿ ಅದೇ ಚಪ್ಪಲಿ. ಎಂಜಿನ್ನು ಚಾಲೂ ಆದರೆ ಕೆಲಸ ನೋಡುತ್ತೇನೆ ಎಂದಿದ್ದರಲ್ಲ. ಆ ಲೆಕ್ಕದಲ್ಲಿ ಈಗ ಕೆಲಸವೂ ಇಲ್ಲ.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಮಾಡಿಕೊಳ್ಳಲಿ? ಅತ್ತೆ ಕಡೆದ ವಾಲ್ವುಗಳು ಒಂದು ಹನಿ ಸೋರಿರಲಿಲ್ಲ. ಇವರು ಮಾಡಿದ ತಪ್ಪೆಂದರೆ ತಾಯಿಗೆ ಕೈ ಜೋಡಿಸಿದ್ದು. ಕರ್ಪೂರದ ಮೇಲೆ ಸಿಟ್ಟು ಮಾಡಿಕೊಂಡು ಬದುಕಲಾಗುತ್ತದೆಯೇ? ಡ್ಯೂಟಿ ಮುಗಿಸಿ ಬಂದು, ಅನ್ನಕ್ಕೆ ಇಟ್ಟು, ಕುಕ್ಕರಿನ ಸೀಟಿ ಕಾಯುತ್ತ ನಿಂತಲ್ಲೇ ತೂಕಡಿಸುತ್ತಿದ್ದೆ. ಬಹಳ ದಣಿದಿದ್ದೆ. ದಣಿವು ಎಷ್ಟಿತ್ತೆಂದರೆ, ಎದುರು ಕೂತು ಜಗಳವಾಡುವುದು ಕೂಡ ನಾಳೆ ನೋಡೋಣ ಎಂದು ಮುಂದಕ್ಕೆ ಹೋಗುತ್ತಿತ್ತು.

ಚಳಿಗಾಲ ಬಂದ ಮೇಲೆ ಒಂದು ಬಿಡುವಿನ ದಿನ ಏನನ್ನಿಸಿತೋ, ಬರ್ಮಿಂಗ್‌ಹ್ಯಾಮಿಗೆ ರೈಲು ಹತ್ತಿದೆ. ಕ್ಯಾಟಲಾಗಿನ ಅಂಗಡಿ ಅಲ್ಲಿತ್ತು. ಕೌಂಟರಿನ ಹಿಂದಿದ್ದ ಮುದುಕ ನನ್ನ ಚೀಲ, ಕೋಟು, ಹಣೆಯ ಬೊಟ್ಟು ನೋಡಿ, ದಾರಿ ಕೇಳಲು ಬಂದವಳೆಂದುಕೊಂಡ. ಕ್ಯಾಮ್‌ಶಾಫ್ಟು ಬೇಕು ಎಂದಾಗ ಪೆನ್ನು ಕೆಳಗಿಟ್ಟ.

"ವಾಟ್ ಡಸ್ ಹೀ ವಾಂಟ್ ಇಟ್ ಟು ಡೂ, ಬ್ಯಾಬ್?" ಎಂದ. ಆ ಊರಿನ ಮುದುಕರು ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ನಮ್ಮ ಕಡೆಯ ತಂಗಿ, ಯವ್ವಾ ಇದ್ದ ಹಾಗೆ.

ನಮ್ಮ ಮನೆಯವರಿಗೆ ಬೇಕಾದದ್ದು ಆಗಲೇ ಆಗಿಹೋಗಿದೆ, ಈಗ ನನಗೆ ಬೇಕಾದದ್ದು ಹೇಳುತ್ತೇನೆ ಎಂದೆ. ಮನೆಯಿಂದ ಆಸ್ಪತ್ರೆ. ನಡುವೆ ರೌಂಡಬೌಟುಗಳು, ಶಾಲೆ, ಸಿಗ್ನಲ್ಲುಗಳು. ಒಳಗೆ ಕೂರುವವಳಿಗೆ ನಿದ್ದೆಗೇಡು, ಅವಳ ಮೈ ಅಲುಗಬಾರದು. ಬ್ರೇಕು ಹತ್ತಬೇಕು. ಅಷ್ಟೇ. ಮುದುಕ ನಗಲಿಲ್ಲ. ಒಳಗೆ ಹೋಗಿ ಎಲ್ಲಕ್ಕಿಂತ ಸಾಧುವಾದದ್ದನ್ನು, ಅದರ ಜೊತೆ ಬದಲಿಸಬೇಕಾದ, ಗಂಟುಗಳ ಮೇಲೆ ಕೂರುವ ಟ್ಯಾಪೆಟ್ಟುಗಳ ಪೆಟ್ಟಿಗೆಯನ್ನು ತಂದುಕೊಟ್ಟ. ಅಂಥ ಕಾರಿಗೆ ಇಂಥದ್ದನ್ನು ಯಾರೂ ಕೇಳುವುದಿಲ್ಲ, ಬಹಳ ದಿನದಿಂದ ಮೂಲೆಯಲ್ಲೇ ಬಿದ್ದಿತ್ತು ಎಂದ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಂದೆ. ಎದುರಿನವರು ಏನೆಂದುಕೊಂಡರೋ.

ಮನೆಗೆ ಬಂದು ಸೋಫಾದ ಮುಂದಿನ ಮೇಜಿನ ಮೇಲೆ ಇಟ್ಟೆ. ಇವರು ಕಾಗದ ಬಿಚ್ಚಿದರು. ಟಿವಿಯಲ್ಲಿ ಯಾರೋ ಹೂದಾನಿ ಹರಾಜು ಕೂಗುತ್ತಿದ್ದರು. ಕ್ಯಾಮನ್ನು ಕೈಯಲ್ಲಿ ತಿರುಗಿಸಿ, ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಭಾಳ ಸಾದಾ ಐತಲ್ಲ ಶಾರದಾ."

"ಹೂಂರಿ. ನಾನೂ ಸಾದಾನ ಅದೇನಿ."

"ಇದರಾಗ ಸಪ್ಪಳ ಬರಂಗಿಲ್ಲ."

"ನನಗ ಸಪ್ಪಳ ಬ್ಯಾಡ್ರಿ. ಮುಂಜಾನೆ ಡ್ಯೂಟಿಗೆ ಬಿಡವರ ಬೇಕು. ಬಸ್ಸಿನಾಗ ನಿಂತ ನಿಂತ ಸಾಕಾಗೇತಿ ನನಗ." ಗಟ್ಟಿಯಾಗಿ ಹೇಳಬೇಕೆಂದಿದ್ದೆ. ಕೊನೆಗೆ ಬರುವಷ್ಟರಲ್ಲಿ ದನಿ ಒಡೆಯಿತು. ಹಾಗೇ ಮೇಲೆ ಹೋಗಿ ಮಲಗಿಬಿಟ್ಟೆ.

ಮರುದಿನ ಟಿವಿ ಆರಿತ್ತು. ಗ್ಯಾರೇಜಿನ ಬಾಗಿಲು ತೆರೆದಿತ್ತು.

ಎರಡನೆಯ ಸಲ ಚಾಲೂ ಮಾಡಿದಾಗ ನಾವಿಬ್ಬರೇ. ಥ್ರಾಟಲು ಹಿಡಿದವಳು ನಾನು. ಇವರು ಟಾರ್ಚು ಹಿಡಿದು ಎಣ್ಣೆ ಸೋರುತ್ತದೆಯೇ ಎಂದು ಸುತ್ತ ಓಡಾಡುತ್ತಿದ್ದರು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆ, ನನ್ನ ಮಟ್ಟಿಗೆ ಆ ಇಪ್ಪತ್ತು ನಿಮಿಷ ಮುಗಿಯದ ಹೊತ್ತು. ಸಾಕು ಎಂದು ಕೈ ಮಾಡಿದಾಗ ಬಿಟ್ಟೆ. ಎಂಜಿನ್ನು ಇಳಿದು ಇಳಿದು ಸದ್ದಿಲ್ಲದೆ ತಿರುಗತೊಡಗಿತು. ಇವರು ಕಾರಿನ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ನಿಂತರು. ಗುಡುಗುಡು ಇಲ್ಲ, ನಡುಕ ಇಲ್ಲ. ಆ ಮುಖದಲ್ಲಿ ಏನಿದೆ ಎಂದು ನೋಡುವ ಧೈರ್ಯ ನನಗಾಗಲಿಲ್ಲ.

ಬಾಗಿಲ ಹಿಂದಿನ ದಂಡದ ಕಥೆ ಹೇಳಲು ಹೊರಟವಳು ಎಲ್ಲಿಗೋ ಬಂದೆ. ಹಾಳಾದ ಮೊದಲ ಕ್ಯಾಮು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ಅತ್ತೆ ಮುಂದಿನ ಸಲ ಬಂದಾಗ ಅದನ್ನು ಎತ್ತಿ ನೋಡಿ, "ಇದೇನೋ?" ಎಂದರು. "ಹಳೇದವಾ, ಅದರ ಕೆಲ್ಸಾ ಮುಗದೈತಿ" ಎಂದರು ಇವರು. "ದುಡದ ಸಾಮಾನ ಹಂಗ ಮೂಲ್ಯಾಗ ಒಗೀತಾರೇನ?" ಎಂದು ಗದರಿ, ಸೋಪಿನಿಂದ ತೊಳೆದು, ವಿಭೂತಿ ಹಚ್ಚಿ, ಅಡುಗೆಮನೆಯಲ್ಲಿ ತಂದಿಟ್ಟರು. ಅದು ದುಡಿದದ್ದು ಎಷ್ಟು ಹೊತ್ತು ಎಂದು ನಮಗಿಬ್ಬರಿಗೇ ಗೊತ್ತು. ಊದಿನಕಡ್ಡಿ ಬೆಳಗಿ ಅತ್ತೆ ಇತ್ತ ತಿರುಗಿದರು. ಇವರು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಎರಡೂ ಕೈ ಜೋಡಿಸಿದರು.

ಮೊದಲ ಬೆಳಿಗ್ಗೆಯದೊಂದು ಹೇಳಿ ಮುಗಿಸುತ್ತೇನೆ. ಕಾರು ರಸ್ತೆಗೆ ಇಳಿದ ಆ ಸೋಮವಾರ ನಾನು ಕೋಟು ಹಾಕಿಕೊಂಡು ಹೊರಬರುವಷ್ಟರಲ್ಲಿ ಇವರು ಕಾರಿನ ಕನ್ನಡಿ ಒರೆಸುತ್ತ ನಿಂತಿದ್ದರು. ಅಮೆರಿಕನ್ ಕಾರು, ಸ್ಟೀರಿಂಗು ಎಡಕ್ಕೆ. ನಾನು ಬಲಕ್ಕೆ ಕೂತೆ. ಮೊದಲ ರೌಂಡಬೌಟು ನೆನಪಿದೆ, ಎರಡನೆಯದು ಇಲ್ಲ.

ಎಚ್ಚರವಾದಾಗ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿದ್ದೆವು. ಕುತ್ತಿಗೆಗೆ ಇವರ ಮಫ್ಲರು ಸುತ್ತಿತ್ತು. ಎಂಜಿನ್ನು ತನ್ನ ಪಾಡಿಗೆ ಮೆಲ್ಲಗೆ ತಿರುಗುತ್ತಿತ್ತು. ಗಡಿಯಾರ ನೋಡಿದರೆ ಡ್ಯೂಟಿಯ ಹೊತ್ತು ಆಗಿಹೋಗಿತ್ತು.

"ಯಾಕ್ರೀ ಎಬ್ಬಸ್ಲಿಲ್ಲ?"

"ಭಾಳ ಚಲೋ ಮಲಗಿದ್ದಿ. ಸಿಗ್ನಲ್ಲಿನಾಗ ಒಬ್ಬ ಬಸ್ ಡ್ರೈವರ್ ನಿನ್ನ ನೋಡಿ ಹೌಹಾರಿ ಹಾರ್ನ್ ಹೊಡದ. ಸ್ಟೀರಿಂಗ್ ನಿನ್ನ ಕಡೆ ಐತಿ ಅಂತ ತಿಳದಾನ ಅಂವ. ಅದಕ್ಕೂ ನೀ ಏಳಲಿಲ್ಲ."

"ಎಂಜಿನ್ನರ ಆಫ್ ಮಾಡಬಾರದೇನ್ರಿ, ಎಷ್ಟೊತ್ತಿಂದ ಹಿಂಗ ಹಚ್ಚಿ ಕುಂತೀರಿ?"

"ಆಫ್ ಮಾಡಿದ್ರ ಎಚ್ಚರಾಗ್ತಿದ್ದಿ" ಎಂದರು ಇವರು. "ಇದು ಹಿಂಗ ನಿಂತಲ್ಲೇ ಐಡಲ್‌ನಾಗ ಎಷ್ಟೊತ್ತರ ತಿರುಗತೈತಿ, ಬಿಡು."

ಇಳಿದು ಚೀಲ ತೆಗೆದುಕೊಳ್ಳಲು ಬಗ್ಗಿದಾಗ ಇವರ ಕಾಲು ಕಂಡಿತು. ಶೂ ಹಾಕಿದ್ದರು. ಪಾಲಿಶ್ ಮಾಡಿದ ಕರಿ ಶೂ.

"ನೀವು ಎಲ್ಲಿಗೆ ಹೊಂಟೀರಿ?"

"ಇಲ್ಲೇ ಕಾಲೇಜಿನಾಗ ಹುಡುಗೂರಿಗೆ ಎಂಜಿನ್ ಕೆಲ್ಸಾ ಕಲಸವರು ಬೇಕಾಗ್ಯಾರಂತ. ಕೇಳಿ ಬರ್ತೀನಿ" ಎಂದು, ಹೇಳಬಾರದ್ದನ್ನು ಹೇಳಿದವರ ಹಾಗೆ ಮುಂದೆ ನೋಡಿದರು. "ಹೋಗು, ನಿನಗ ತಡಾ ಆತು."

ನಾನು ಬಾಗಿಲವರೆಗೆ ನಡೆದೆ. ಇಂಥ ಕಾರು ಹೊರಡುವಾಗ ಊರಿಗೆಲ್ಲ ಕೇಳಿಸಬೇಕು ಎಂದು ಮನುಷ್ಯ ಎಷ್ಟು ಆಸೆಪಟ್ಟಿದ್ದರು. ಆ ಸದ್ದಿಗಾಗಿ ಕಿವಿ ಕೊಟ್ಟುಕೊಂಡೇ ನಡೆದೆ. ಏನೂ ಕೇಳಲಿಲ್ಲ. ಇನ್ನೂ ಹಾಗೇ ಕೂತಿದ್ದಾರೋ, ಮನಸ್ಸು ಬದಲಿಸಿದರೋ ಎಂದು ಭಯವಾಗಿ ತಿರುಗಿ ನೋಡಿದೆ. ಕಾರು ನಿಂತಿದ್ದ ಜಾಗ ಖಾಲಿಯಿತ್ತು.